ಎಲ್ ಫಾಶರ್ ನಮಗೆ ಎಷ್ಟು ದೂರ?

2023ರ ಏಪ್ರಿಲ್ ತಿಂಗಳಲ್ಲಿ ಎಲ್ ಫಾಶರ್ ಎಂಬ ಊರಿನ ಹೆಸರು ಕನ್ನಡ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಗಿಡಮೂಲಿಕೆಯ ಔಷಧಿಗಳನ್ನು ಮಾರಲೆಂದು ಸುಡಾನಿಗೆ ತೆರಳಿದ್ದ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನಾಂಗದ 31 ಮಂದಿ ಅಲ್ಲಿ ಸಿಲುಕಿದ್ದರು. ಅವರಿಗಾಗಿ ರಾಜಕೀಯ ನಾಯಕರು ಮಾತನಾಡಿದರು, ಜಗಳವನ್ನೂ ಆಡಿದರು. ಕೇಂದ್ರ ಸರ್ಕಾರದ 'ಆಪರೇಷನ್ ಕಾವೇರಿ' ಮೂರು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಸುಡಾನಿನಿಂದ ಕರೆತಂದಿತು. ನಮ್ಮವರು ಮರಳಿದರು; ಊರಿನ ಹೆಸರು ಮರೆಯಾಯಿತು.

ಮರಳಲು ಬೇರೆ ನಾಡಿಲ್ಲದವರು ಅಲ್ಲಿಯೇ ಉಳಿದರು. 2024ರ ಮೇ ತಿಂಗಳಿನಿಂದ ಆರ್‌ಎಸ್‌ಎಫ್ ಎಂಬ ಅರೆಸೇನಾಪಡೆ ಆ ಊರಿಗೆ ಮುತ್ತಿಗೆ ಹಾಕಿ, ಜನ ತಪ್ಪಿಸಿಕೊಳ್ಳದಂತೆ ಸುತ್ತಲೂ ಮಣ್ಣಿನ ಗೋಡೆಯನ್ನೇ ಎಬ್ಬಿಸಿತು. ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿಯನ್ನು ನಾವು ದನಗಳಿಗೆ ಹಾಕುತ್ತೇವೆ. ಅಲ್ಲಿಯ ತಾಯಂದಿರು ಅದನ್ನೇ ಬೇಯಿಸಿ ಮಕ್ಕಳಿಗೆ ಉಣಿಸಿದರು. 2025ರ ಅಕ್ಟೋಬರ್ 26ರಂದು ಪಟ್ಟಣ ಬಿದ್ದಿತು. ಅಲ್ಲಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿಯೇ 460ಕ್ಕೂ ಹೆಚ್ಚು ರೋಗಿಗಳೂ ಅವರ ಜೊತೆಗಿದ್ದವರೂ ಹತರಾದರೆಂಬ ವರದಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಲೋಕದ ಮುಂದಿಟ್ಟಿತು. ಕೊಂದವರು ತಮ್ಮ ಕೃತ್ಯವನ್ನು ತಾವೇ ಚಿತ್ರೀಕರಿಸಿದರು. ಇದೇ ದಾರ್‌ಫುರ್ ಪ್ರಾಂತ್ಯದಲ್ಲಿ 2003ರಲ್ಲಿ ಆರಂಭಗೊಂಡ ಹಿಂಸೆಗೆ ಸುಮಾರು 3 ಲಕ್ಷ ಜನ ಬಲಿಯಾದರೆಂದು ವಿಶ್ವಸಂಸ್ಥೆ ಅಂದಾಜಿಸಿತ್ತು. ಅಂದಿನ ಜಂಜಾವೀದ್ ದಂಡಿನಿಂದ ಬೆಳೆದು ಬಂದದ್ದೇ ಇಂದಿನ ಆರ್‌ಎಸ್‌ಎಫ್.

ಈ ಮಾತೆತ್ತಿದೊಡನೆ "ಮನೆಗೆ ಮಾರಿ, ಊರಿಗೆ ಉಪಕಾರಿ ಆಗಬೇಕೇ ಫಾದರ್?" ಎಂದು ಕೇಳುವವರಿದ್ದಾರೆ. ಗಾದೆಯೇನೋ ಒಳ್ಳೆಯದೇ. ಆದರೆ ಅದನ್ನು ಉಚ್ಚರಿಸುವವರು ತಮ್ಮ ಬೀದಿಯ ಬಡವನ ಮನೆಯ ಹೊಸ್ತಿಲನ್ನು ದಾಟಿದವರೇ ಎಂದು ನೋಡಿದರೆ, ಬಹುತೇಕ ಅಲ್ಲ. ದೂರದವನ ನೋವಿಗೆ ಸ್ಪಂದಿಸುವವನೇ ಹತ್ತಿರದವನ ಬಾಗಿಲನ್ನೂ ತಟ್ಟುವುದನ್ನು ನಾನು ಧರ್ಮಕೇಂದ್ರಗಳಲ್ಲಿ ಕಂಡಿದ್ದೇನೆ. ಹತ್ತಿರದವನನ್ನು ದೂರದವನ ವಿರುದ್ಧ ನಿಲ್ಲಿಸುವ ಈ ತರ್ಕ ಇಬ್ಬರಿಗೂ ಏನನ್ನೂ ಕೊಡದಿರುವ ಉಪಾಯ.

ಇನ್ನು ಕೆಲವರು ನಿಜವಾಗಿಯೂ ಮರುಗುತ್ತಾರೆ. ಮೊಬೈಲಿನಲ್ಲಿ ಬಂದ ದೃಶ್ಯವನ್ನು ಕಂಡು ಕಣ್ಣೀರಿಡುತ್ತಾರೆ, ನಾಲ್ವರಿಗೆ ಕಳುಹಿಸುತ್ತಾರೆ, ಅಲ್ಲಿಗೆ ಮನಸ್ಸು ಹಗುರವಾಗುತ್ತದೆ. ನನ್ನ ಆಕ್ಷೇಪಣೆ ಈ ಹಗುರಾಗುವಿಕೆಯ ಬಗ್ಗೆ. ಸದಯ ಸಮಾರಿತನ ಸಾಮತಿಯನ್ನು ಗಮನವಿಟ್ಟು ಓದಿರಿ. ಗಾಯಾಳುವನ್ನು ಕಂಡು ಹಾದುಹೋದ ಯಾಜಕನಿಗೂ ಲೇವಿಯನಿಗೂ ಮರುಕ ಹುಟ್ಟಲೇ ಇಲ್ಲವೆಂದು ಸಂತ ಲೂಕ ಹೇಳುವುದಿಲ್ಲ, ಹುಟ್ಟಿದ್ದರೂ ಇರಬಹುದು. (ಮೊದಲು ಹಾದುಹೋದವನು ಯಾಜಕನೆಂಬುದು ನನ್ನಂಥವರಿಗೆ ಸುಲಭವಾಗಿ ಮರೆಯುವ ವಿಷಯವಲ್ಲ.) ಸಮಾರಿತನ ಕನಿಕರಕ್ಕೆ ಲೂಕ ಕೊಡುವುದು ಒಂದೇ ಮಾತು. ಉಳಿದದ್ದೆಲ್ಲ ಎಣ್ಣೆ, ದ್ರಾಕ್ಷಾರಸ, ಪಟ್ಟಿ, ಸ್ವಂತ ವಾಹನಪ್ರಾಣಿ, ಛತ್ರ, ಎರಡು ನಾಣ್ಯ, ಹಿಂದಿರುಗಿ ಬಂದು ಬಾಕಿ ತೀರಿಸುವ ಭರವಸೆ. ಬಾಕಿಯ ಲೆಕ್ಕದವರೆಗೂ ಹೋಗುತ್ತದೆ ಆ ಕಥೆ.

ನಮ್ಮ ವಿಶ್ವಾಸಿಗಳ ಪ್ರಾರ್ಥನೆಯಾದರೂ "ಯುದ್ಧಪೀಡಿತರೆಲ್ಲರಿಗಾಗಿ" ಎಂಬ ಅರ್ಧ ವಾಕ್ಯದಲ್ಲಿ ಮುಗಿಯುತ್ತದೆ. ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು 2025ರ ನವೆಂಬರ್ 2ರಂದು ಎಲ್ ಫಾಶರನ್ನು ಹೆಸರಿಸಿಯೇ ಕದನವಿರಾಮಕ್ಕೂ ನೆರವಿನ ದಾರಿಗಳನ್ನು ತೆರೆಯುವುದಕ್ಕೂ ಕರೆಯಿತ್ತರು. ಹೆಸರಿಡಿದು ಪ್ರಾರ್ಥಿಸಿದವನಿಗೆ ಆ ಊರು ಭೂಪಟದಲ್ಲಿ ಎಲ್ಲಿದೆಯೆಂದು ಹುಡುಕುವ ಮನಸ್ಸಾದರೂ ಬಂದೀತು.

"ಸರಿ, ನಮ್ಮಿಂದ ಏನಾದೀತು?" ಕಾರಿತಾಸ್ ಮೂಲಕ ನೆರವು ಕಳುಹಿಸಬಹುದು, ಲೋಕಸಭಾ ಸದಸ್ಯರಿಗೆ ಪತ್ರ ಬರೆಯಬಹುದು. ಇವುಗಳಿಂದ ಯುದ್ಧ ನಿಲ್ಲುತ್ತದೆಂಬ ಭ್ರಮೆ ನನಗಿಲ್ಲ. ಆದರೆ ನಮ್ಮ ಕುಟುಂಬಗಳಿಗೆ ಇನ್ನೂ ಹತ್ತಿರದ ಒಂದು ಸಂಗತಿಯಿದೆ. ಅದನ್ನು ಹೇಳಿದರೆ ಹಲವರಿಗೆ ಅಪ್ರಿಯವಾದೀತು.

ಆರ್‌ಎಸ್‌ಎಫ್ ಹಣಬಲ ಗಳಿಸಿದ್ದು ದಾರ್‌ಫುರದ ಚಿನ್ನದ ಗಣಿಗಳಿಂದ. ಸುಡಾನಿನ ಚಿನ್ನದ ರಫ್ತಿನ ಬಹುಪಾಲು ಸೇರುವುದು ಸಂಯುಕ್ತ ಅರಬ್ ಎಮಿರೇಟ್ಸ್‌ಗೆ. ಅಲ್ಲಿಂದಲೇ ಆ ಪಡೆಗೆ ಶಸ್ತ್ರಗಳು ಹೋಗುತ್ತಿವೆಯೆಂಬ ಆರೋಪ ನಂಬಲರ್ಹವೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2024ರಲ್ಲಿ ವರದಿ ಮಾಡಿತು; ಆ ದೇಶ ಅದನ್ನು ನಿರಾಕರಿಸುತ್ತಲೇ ಇದೆ. ದುಬೈನಿಂದ ಭಾರತಕ್ಕೆ ಚಿನ್ನ ಹರಿದು ಬರುವುದನ್ನು ನಾನು ವಿವರಿಸಬೇಕಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಗನೋ ಅಳಿಯನೋ ಇರುವ ಮನೆಗಳು ಈ ಪತ್ರಿಕೆಯ ಓದುಗರಲ್ಲಿ ಎಷ್ಟಿಲ್ಲ? ಮದುವೆಗೆ ಇಷ್ಟು ಪವನು ಇಲ್ಲದಿದ್ದರೆ ಹುಡುಗಿ ಬರಿಗೊರಳಲ್ಲಿ ಬಂದಳೆನ್ನುವ ನಾಲಿಗೆಗಳು ಎಷ್ಟಿಲ್ಲ? ಕರಗಿಸಿದ ಚಿನ್ನದಲ್ಲಿ ಯಾವ ಗಣಿಯದು ಎಷ್ಟು ಸೇರಿದೆಯೆಂದು ಯಾರೂ ಹೇಳಲಾರರು. ನಿಮ್ಮ ಮನೆಯ ಬಳೆ ದಾರ್‌ಫುರದ್ದೇ ಎಂದು ನಾನೂ ಹೇಳುತ್ತಿಲ್ಲ. ಅಲ್ಲವೆಂದು ಹೇಳಲು ನಿಮಗೂ ಸಾಧ್ಯವಿಲ್ಲ.

ಮುಂದಿನ ಸಲ ಆಭರಣದಂಗಡಿಗೆ ಹೋದಾಗ ಹಾಲ್‌ಮಾರ್ಕಿನ ಜೊತೆಗೆ ಇನ್ನೊಂದನ್ನೂ ಕೇಳಿರಿ: ಈ ಚಿನ್ನ ಯಾವ ದೇಶದ ಮಣ್ಣಿನಿಂದ ಬಂದದ್ದು? ಹಾಲ್‌ಮಾರ್ಕು ಶುದ್ಧತೆಯನ್ನು ತಿಳಿಸುತ್ತದೆ, ಮೂಲವನ್ನಲ್ಲ. ಅಂಗಡಿಯವನಿಗೆ ಉತ್ತರ ತಿಳಿದಿರುವುದಿಲ್ಲ, ಬಹುಶಃ ನಕ್ಕಾನು. ಹತ್ತು ಮಂದಿ ಕೇಳಿದ ಮೇಲೆ ಸಗಟು ವ್ಯಾಪಾರಿಯನ್ನು ಕೇಳಿಯಾನು. ಉತ್ತರ ಸಿಗುವವರೆಗೆ ಎರಡು ಪವನು ಕಡಿಮೆ ಕೊಂಡು, ಆ ಹಣವನ್ನು ದಾರ್‌ಫುರದ ನಿರಾಶ್ರಿತರಿಗೆ ಕಳುಹಿಸಿರಿ. ಹುಡುಗಿಯ ಕೊರಳಿನ ಬಗ್ಗೆ ಆಡಿಕೊಳ್ಳುವವರನ್ನು ನನ್ನ ಬಳಿಗೆ ಕಳುಹಿಸಿರಿ.