ಪರಿಣತನಾರು?

ಇಂಗ್ಲಿಷಿನ ‘ಎಕ್ಸ್‌ಪರ್ಟ್’ ಎಂಬ ಪದವು ಮೊದಲು ಮಾಡಿ ನೋಡಿ ಅನುಭವ ಪಡೆದವನಿಗೆ ಸಲ್ಲುತ್ತಿತ್ತು. ‘ಕನ್ನಿಂಗ್’ ಎಂಬುದಕ್ಕೂ ಹಿಂದೆ ಬಲ್ಲವನೆಂದೇ ಅರ್ಥ. ಪಾಪ, ಈಗ ಅದು ಕಪಟಿಯ ಪಾಲಾಗಿದೆ. ನಮ್ಮಲ್ಲಿ ಕೈ ಕೊಯ್ದುಕೊಳ್ಳದೆ ದರ್ಭೆ ತರಬಲ್ಲವನು ಕುಶಲ, ವೀಣೆಯಲ್ಲಿ ಪಳಗಿದವನು ಪ್ರವೀಣ ಎಂದು ಶಾಸ್ತ್ರಜ್ಞರು ವಿವರಿಸುವರು. ಎರಡೂ ಕೈಗೆಲಸದಿಂದ ಹುಟ್ಟಿದ ಬಿರುದುಗಳೆಂಬುದನ್ನು ವಾಚಕರು ಗಮನಿಸಬೇಕು. ಕಲಬುರಗಿಯ ಪೇಟೆಯಲ್ಲಿ ಕೇಳುವ ಪಾರಸಿಯ ‘ಉಸ್ತಾದ’ನೂ ಗರಡಿಗೂ ಗಾಯನಕ್ಕೂ ಸಮನಾಗಿ ಸಲ್ಲುವವನೇ.

ಇದೇ ಜಿಲ್ಲೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಕ್ರಿ.ಶ. 850ರ ಸುಮಾರಿಗೆ, ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಓದು ಕಲಿಯದ ನಾಡವರನ್ನೂ ಕಾವ್ಯದಲ್ಲಿ ಪರಿಣತರೆಂದು ಕೊಂಡಾಡಿತು. ಪರಿಣತವೆಂದರೆ ಪಕ್ವವಾದುದು, ಮನುಷ್ಯನ ಬುದ್ಧಿಗೆ ಸಲ್ಲುವಂತೆ ಮಾಗಿದ ಹಣ್ಣಿಗೂ ಸಲ್ಲುವ ಮಾತು.

ಹಣ್ಣೆಂದೊಡನೆ ಕಮಲಾಪುರದ ಕೆಂಪು ಬಾಳೆ ನೆನಪಾಗದಿರದು. ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಗೊನೆಯ ಕಾಯಿಗಳ ಏಣು ಕರಗಿ ಮೈ ದುಂಡಗಾಗುವುದನ್ನು ಕಂಡು ಕೊಯ್ಲಿನ ಹೊತ್ತನ್ನು ನಿಶ್ಚಯಿಸಬಲ್ಲ ರೈತನು ಪರಿಣತನಲ್ಲದೆ ಮತ್ತೇನು? ಹಣ್ಣಿಗೆ ಮನ್ನಣೆಯ ಪತ್ರವುಂಟು. ಬೆಳೆದವನು ಶಾಲೆ ಕಾಣದಿದ್ದರೆ, ಅರ್ಜಿ ತುಂಬುವ ಗುಮಾಸ್ತನು ಅವನ ಹೆಸರಿನ ಮುಂದೆ ಬರೆಯುವುದು ‘ಅನಕ್ಷರಸ್ಥ’ ಎಂಬ ಒಂದೇ ಪದ.