ಹೊಲದ ನಕ್ಷೆಯೊಡನೆ ಅದರ ಅಂಕಿಗಳನ್ನೂ ಕೊಡಲಿ

ಮಾನ್ಯ ಸಂಪಾದಕರಿಗೆ,



ಹೊಸೂರು ಸೀಮೆಯಲ್ಲಿ ಭೂಮಿಯ ಬೆಲೆಯೂ ಭೂಮಿಯನ್ನು ಕುರಿತ ವ್ಯಾಜ್ಯಗಳೂ ಒಂದನ್ನೊಂದು ಮೀರಿಸುವಂತೆ ಬೆಳೆಯುತ್ತಿರುವ ಈ ಕಾಲದಲ್ಲಿ, ಹೊಲದ ಅಳತೆಯು ಸರ್ಕಾರದ ಗಣಕದಿಂದ ಸರ್ವೇಯರರ ಗಣಕಕ್ಕೆ ಸಾಗುವ ಹಾದಿಯಲ್ಲಿ ಎಲ್ಲೆಲ್ಲಿ ಕೆಡುತ್ತದೆ, ಆ ಕೇಡಿನ ಭಾರವನ್ನು ಕಡೆಗೆ ಹೊರುವವರು ಯಾರು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಅಧಿಕಾರಿಗಳ ಲಕ್ಷ್ಯಕ್ಕೆ ತರಬೇಕೆಂದು ಈ ಪತ್ರವನ್ನು ಬರೆಯುತ್ತಿದ್ದೇನೆ. ಎರಡು ಸಾವಿರ ಎಕರೆ ವಿಸ್ತೀರ್ಣದ ವಿಮಾನನಿಲ್ದಾಣವೊಂದನ್ನು ಹೊಸೂರಿನಲ್ಲಿ ನಿರ್ಮಿಸುವುದಾಗಿ ತಮಿಳುನಾಡಿನ ಮುಖ್ಯಮಂತ್ರಿಗಳು 2024ರ ಜೂನ್ ತಿಂಗಳಿನಲ್ಲಿ ವಿಧಾನಸಭೆಯಲ್ಲಿ ಘೋಷಿಸಿದುದೂ, ಅದಕ್ಕಾಗಿ ಬೇರಿಕೆ ಬಾಗಲೂರುಗಳ ನಡುವಣ ನೆಲದ ಹೆಸರು ಪತ್ರಿಕೆಗಳಲ್ಲಿ ಬಂದುದೂ ವಾಚಕರಿಗೆ ವಿದಿತವೇ ಆಗಿದೆ. ಆ ಯೋಜನೆಯ ಯುಕ್ತಾಯುಕ್ತತೆಯನ್ನು ನಾನು ಇಲ್ಲಿ ಚರ್ಚಿಸಹೊರಟಿಲ್ಲ. ನೆಲವನ್ನು ಬಿಟ್ಟುಕೊಡುವವರಾಗಲಿ ಉಳಿಸಿಕೊಳ್ಳುವವರಾಗಲಿ ತಮ್ಮ ಹೊಲದ ಮೇರೆ ಎಲ್ಲಿದೆಯೆಂಬುದನ್ನು ತಾವೇ ಪರೀಕ್ಷಿಸಿ ನೋಡುವಷ್ಟು ಸಾಮಗ್ರಿ ಅವರ ಕೈಯಲ್ಲಿರಬೇಕು ಎಂಬುದಷ್ಟೇ ನನ್ನ ವಾದ.

ನಮ್ಮಲ್ಲಿ ಎಫ್‌ಎಂಬಿ ಎಂದೇ ಪ್ರಸಿದ್ಧವಾದ ಹೊಲದಳತೆಯ ಪುಸ್ತಕವು ಮೂಲತಃ ಅಂಕಿಗಳ ಸಂಗ್ರಹ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹಿಡಿದ ರೇಖೆ, ಆ ರೇಖೆಯ ಮೇಲೆ ಇಂತಿಷ್ಟು ದೂರ ನಡೆದಾಗ ಎಡಕ್ಕೋ ಬಲಕ್ಕೋ ಲಂಬವಾಗಿ ಇಂತಿಷ್ಟು ದೂರದಲ್ಲಿ ಸಿಕ್ಕುವ ಬದುವಿನ ತಿರುವು, ಹೀಗೆ ಸರಪಳಿ ಹಿಡಿದು ಬಿಸಿಲಿನಲ್ಲಿ ನಡೆದವರು ಬರೆದಿಟ್ಟ ಅಳತೆಗಳಿಂದಲೇ ಹೊಲದ ಆಕಾರವು ಹುಟ್ಟುವುದು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ರೂಪಿಸಿದ ಕೊಲ್ಯಾಬ್‌ಲ್ಯಾಂಡ್ ಎಂಬ ತಂತ್ರಾಂಶದ ಮೂಲಕ ತಮಿಳುನಾಡು ಸರ್ಕಾರವು ಈ ಅಳತೆಗಳನ್ನು ಗಣಕಕ್ಕೆ ಏರಿಸಿದುದು ನಿಜವಾಗಿಯೂ ಶ್ಲಾಘ್ಯವಾದ ಕಾರ್ಯ. ಆದರೆ ಅಂತರ್ಜಾಲದಲ್ಲಿ ತನ್ನ ಸರ್ವೆ ನಂಬರನ್ನು ಕೊಟ್ಟು ಕೇಳಿದ ರೈತನಿಗೆ ದೊರೆಯುವುದು ಪಿಡಿಎಫ್ ರೂಪದ ಒಂದು ನಕ್ಷೆ. ಪಾಲುಪತ್ರಕ್ಕೆಂದೋ ಸಾಲಕ್ಕೆಂದೋ ಆತನು ಅದನ್ನು ಖಾಸಗಿ ಸರ್ವೇಯರರ ಬಳಿಗೆ ಒಯ್ದರೆ, ಅವರು ಅದನ್ನು ತೆರೆಯ ಮೇಲಿಟ್ಟು, ಗೆರೆಯ ಮೇಲೆ ಗೆರೆಯನ್ನೆಳೆದು, ತಮ್ಮ ತಂತ್ರಾಂಶಕ್ಕೆ ಒಪ್ಪುವ ಹೊಸ ಕಡತವನ್ನು ಸಿದ್ಧಪಡಿಸಬೇಕಾಗುತ್ತದೆ. ಸರ್ಕಾರದಲ್ಲಿ ಅಂಕಿಯಾಗಿದ್ದುದು ಚಿತ್ರವಾಗಿ, ಆ ಚಿತ್ರವು ಇನ್ನೊಬ್ಬರ ಕೈಯಲ್ಲಿ ಪುನಃ ಅಂಕಿಯಾಗುವ ಈ ವ್ಯರ್ಥ ಪರಿಭ್ರಮಣದಲ್ಲಿ ಮೂಲದ ನಿಷ್ಕೃಷ್ಟತೆಯು ಉಳಿಯುವುದಾದರೂ ಹೇಗೆ?

ಅಂಕಿಗಳೇ ಕೈಗೆ ಬಂದರೂ ಅವುಗಳೊಡನೆ ವಿವರಣೆ ಬಾರದಿದ್ದರೆ ಅಪಾಯವು ತಪ್ಪಿದಂತಲ್ಲ. ಹಳೆಯ ಅಳತೆಗಳು 66 ಅಡಿಯ ಸರಪಳಿಯವು. ಸರಪಳಿಗೆ ನೂರು ಲಿಂಕು, ಎಕರೆಗೆ ಒಂದು ಲಕ್ಷ ಚದರ ಲಿಂಕು. ನಕ್ಷೆಗಳ ವಿನಿಮಯಕ್ಕೆ ಎಲ್ಲರೂ ಬಳಸುವ ಡಿಎಕ್ಸ್‌ಎಫ್ ಕಡತದಲ್ಲಿರುವ ಸಂಖ್ಯೆಗಳು ಯಾವ ಮಾನದವೆಂಬುದನ್ನು ಬರೆದವರು ನಮೂದಿಸದಿದ್ದರೆ ಓದುವವರು ಊಹಿಸಬೇಕು; ಲಿಂಕನ್ನು ಮೀಟರೆಂದು ಊಹಿಸಿದರೆ ಒಂದು ಎಕರೆಯ ಹೊಲವು ಹತ್ತು ಹೆಕ್ಟೇರು, ಎಂದರೆ ಸುಮಾರು 24.7 ಎಕರೆಯಾಗಿ ತೋರುತ್ತದೆ. ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬಿದ್ದೀತು. ಕಣ್ಣಿಗೆ ಬೀಳದ ತಪ್ಪುಗಳು ನಮ್ಮ ಗಡಿನಾಡಿಗೆ ವಿಶೇಷವಾದುವು: ಕರ್ನಾಟಕದ ಮಾಲೂರು ತಾಲ್ಲೂಕಿನ ಪಹಣಿಯಲ್ಲಿ 1.20 ಎಂದಿದ್ದರೆ ಅದು ಒಂದು ಎಕರೆ ಇಪ್ಪತ್ತು ಗುಂಟೆ, ಎಂದರೆ ಒಂದೂವರೆ ಎಕರೆ; ಗಡಿಯ ಈಚೆಗೆ ಅದೇ 1.20 ಎಂಬುದನ್ನು ಒಂದು ಎಕರೆ ಇಪ್ಪತ್ತು ಸೆಂಟು ಎಂದು ಓದುತ್ತಾರೆ. ಎರಡೂ ರಾಜ್ಯಗಳಲ್ಲಿ ಜಮೀನಿರುವ ಕುಟುಂಬಗಳು ಇಲ್ಲಿ ವಿರಳವಲ್ಲವಾದುದರಿಂದ, ಈ ಮೂವತ್ತು ಸೆಂಟಿನ ಅಂತರವು ಅಣ್ಣತಮ್ಮಂದಿರ ನಡುವೆ ಏನನ್ನು ತಂದಿಡಬಲ್ಲುದೆಂಬುದನ್ನು ವಿವರಿಸಬೇಕಾಗಿಲ್ಲ.

ಇದಕ್ಕಿಂತಲೂ ಗೂಢವಾದ ದೋಷ ಇನ್ನೊಂದಿದೆ. ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರದಿಂದ ಬರುವ ಬಿಂದುಗಳ ಪಟ್ಟಿಯಲ್ಲಿ ಕೆಲವರು ಉತ್ತರದ ದೂರವನ್ನು ಮೊದಲು ಬರೆಯುತ್ತಾರೆ, ಕೆಲವರು ಪೂರ್ವದ ದೂರವನ್ನು ಮೊದಲು ಬರೆಯುತ್ತಾರೆ. ಕಡತವನ್ನು ತಂತ್ರಾಂಶಕ್ಕೆ ಇಳಿಸುವಾಗ ಈ ಎರಡು ಅಂಕಣಗಳು ಅದಲುಬದಲಾದರೆ ಹೊಲವು ಕನ್ನಡಿಯಲ್ಲಿ ಕಂಡ ಬಿಂಬದಂತೆ ಮಗುಚಿಕೊಳ್ಳುತ್ತದೆ. ಆದರೆ ಪ್ರತಿಯೊಂದು ಭುಜದ ಉದ್ದವೂ ಒಟ್ಟು ವಿಸ್ತೀರ್ಣವೂ ಎಳ್ಳಷ್ಟೂ ವ್ಯತ್ಯಾಸವಾಗದೆ ಹಾಗೆಯೇ ಉಳಿಯುತ್ತವೆ. ನಮ್ಮಲ್ಲಿ ವಿಸ್ತೀರ್ಣವು ಪಟ್ಟಾಕ್ಕೆ ಸರಿಹೊಂದಿತೆಂದರೆ ನಕ್ಷೆ ಸರಿಯೆಂದು ಮುದ್ರೆ ಒತ್ತುವುದೇ ರೂಢಿಯಾಗಿರುವುದರಿಂದ, ಈ ದೋಷವನ್ನು ಆ ಪರೀಕ್ಷೆಯು ಹಿಡಿಯಲಾರದು. ನನ್ನ ಪರಿಚಿತರೊಬ್ಬರ ಪಾಲಿನ ನಕ್ಷೆಯಲ್ಲಿ ಹೀಗೆಯೇ ಆಗಿ, ಪೂರ್ವದ ಬದುವಿನಲ್ಲಿದ್ದ ಬಾವಿಯು ಉತ್ತರದ ಬದುವಿಗೆ ಬಂದು, ದಾರಿಯು ನೆರೆಯವರ ಪಾಲಿಗೆ ಸೇರಿಹೋದುದನ್ನು ಕಲ್ಲು ನೆಡುವ ದಿನ ಆ ಮನೆಯ ಮುದುಕಿಯೊಬ್ಬರು ಗುರುತಿಸಿದರೇ ಹೊರತು ನಕ್ಷೆಗೆ ಸಹಿ ಹಾಕಿದವರಾರೂ ಗುರುತಿಸಲಿಲ್ಲ.

ಇನ್ನು ನಮ್ಮ ಊರಿನ ಭೂಗೋಳವೇ ಒಡ್ಡುವ ತೊಡಕೊಂದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಜಗತ್ತಿನ ಭೂಮಾಪನದಲ್ಲಿ ಬಳಕೆಯಲ್ಲಿರುವ ಯುಟಿಎಂ ಎಂಬ ಪದ್ಧತಿಯು ಭೂಗೋಳವನ್ನು ಆರಾರು ಡಿಗ್ರಿಗಳ ವಲಯಗಳಾಗಿ ಸೀಳುತ್ತದೆ. 43ನೆಯ ವಲಯವು ಮುಗಿದು 44ನೆಯದು ಪ್ರಾರಂಭವಾಗುವುದು 78ನೆಯ ರೇಖಾಂಶದಲ್ಲಿ. ಹೊಸೂರು ಆ ರೇಖೆಯ ಪಶ್ಚಿಮಕ್ಕೂ ಕೃಷ್ಣಗಿರಿಯು ಪೂರ್ವಕ್ಕೂ ಇವೆ. ಬೇರಿಕೆ, ಶೂಲಗಿರಿಗಳ ಸೀಮೆಯು ಅದರ ಮಗ್ಗುಲಲ್ಲೇ ಇದೆ. ಹೀಗಾಗಿ ಒಂದೇ ಜಿಲ್ಲೆಯ ಕಡತಗಳು ಎರಡು ವಲಯಗಳಲ್ಲಿ ತಯಾರಾಗುತ್ತವೆ. ಒಂದು ವಲಯದ ಕಡತವನ್ನು ಇನ್ನೊಂದರದೆಂದು ಓದಿದರೆ ನಮ್ಮ ರಾಗಿಯ ಹೊಲಗಳು ಸುಮಾರು 650 ಕಿಲೋಮೀಟರ್ ಸರಿದು ಬಂಗಾಳಕೊಲ್ಲಿಯಲ್ಲೋ ಅರಬ್ಬೀ ಸಮುದ್ರದಲ್ಲೋ ಹೋಗಿ ನಿಲ್ಲುತ್ತವೆ. ಇದೂ ಕಣ್ಣಿಗೆ ಬೀಳುವ ತಪ್ಪೇ. ಆದರೆ ಕಂಡ ತಪ್ಪನ್ನು ತಿದ್ದುವ ಬಗೆಯಲ್ಲಿ ಕಾಣದ ತಪ್ಪು ನುಸುಳುತ್ತದೆ. ವಲಯವನ್ನು ಸರಿಪಡಿಸುವ ಬದಲು ಆಕೃತಿಯನ್ನು ಇಡಿಯಾಗಿ ಎಳೆದು ಉಪಗ್ರಹಚಿತ್ರದ ಮೇಲೆ ಕೂರಿಸಿಬಿಡುವವರಿದ್ದಾರೆ. ಎರಡು ವಲಯಗಳ ಉತ್ತರದಿಕ್ಕು ನಮ್ಮ ಅಕ್ಷಾಂಶದಲ್ಲಿ ಒಂದಕ್ಕೊಂದು ಒಂದೂಕಾಲು ಡಿಗ್ರಿಗೂ ಮಿಕ್ಕು ಓರೆಯಾಗಿರುವುದರಿಂದ, ಹಾಗೆ ಕೂರಿಸಿದ ನಕ್ಷೆಯಲ್ಲಿ ನೂರು ಮೀಟರ್ ಉದ್ದದ ಬದುವಿನ ಒಂದು ತುದಿ ಸರಿಯಾಗಿದ್ದರೆ ಇನ್ನೊಂದು ತುದಿಯು ಎರಡು ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ಎರಡು ಮೀಟರಿಗಾಗಿ ನಮ್ಮ ನ್ಯಾಯಾಲಯಗಳಲ್ಲಿ ತಲೆಮಾರುಗಳು ಕಳೆದಿವೆ.

ಈ ಭಾಗದಲ್ಲಿ ಭೂಮಾಪನವು ಹೊಸ ವಿದ್ಯೆಯೇನೂ ಅಲ್ಲ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮಹಾತ್ರಿಕೋಣಮಿತಿ ಸರ್ವೆಯ ಆಧಾರರೇಖೆಯನ್ನು ಅಳೆದ ವಿಲಿಯಂ ಲ್ಯಾಂಬ್ಟನ್ನನು, ತ್ರಿಕೋಣಗಳ ಮೇಲೆ ತ್ರಿಕೋಣಗಳನ್ನು ಹೆಣೆಯುತ್ತ ಪಶ್ಚಿಮಕ್ಕೆ ಬಂದವನು, ತನ್ನ ಗಣಿತವನ್ನು ನಂಬಿ ಸುಮ್ಮನಿರದೆ 1804ರಲ್ಲಿ ಬೆಂಗಳೂರಿನ ಸಮೀಪದಲ್ಲಿ ಮತ್ತೊಂದು ಆಧಾರರೇಖೆಯನ್ನು ನೆಲದ ಮೇಲೆ ಅಳೆಯಿಸಿ, ಲೆಕ್ಕದಿಂದ ಬಂದ ಉದ್ದಕ್ಕೂ ಅಳತೆಯಿಂದ ಬಂದ ಉದ್ದಕ್ಕೂ ಕೆಲವೇ ಅಂಗುಲಗಳ ಅಂತರವಿರುವುದನ್ನು ಕಂಡ ಮೇಲೆಯೇ ಮುಂದುವರಿದನು. ಅಂದಿನ ಉಪಕರಣಗಳೊಡನೆ ಅಷ್ಟು ಶ್ರದ್ಧೆ ಸಾಧ್ಯವಾಗಿದ್ದರೆ, ಇಂದು ಒಂದು ಕಡತವನ್ನು ತಂತ್ರಾಂಶಕ್ಕೆ ಇಳಿಸಿದ ತರುವಾಯ ಹೊಲಕ್ಕೆ ಹೋಗಿ ಎರಡು ಕಲ್ಲುಗಳ ನಡುವಣ ದೂರವನ್ನೂ ದಿಕ್ಕನ್ನೂ ಅಳೆದು ನೋಡುವುದು ಅಸಾಧ್ಯವೆನ್ನಲು ಕಾರಣವೇನೂ ತೋರುವುದಿಲ್ಲ.

ಅಂಕಿಗಳ ಕಡತವನ್ನು ಜನರ ಕೈಗೆ ಕೊಟ್ಟರೆ ಅದನ್ನು ತಿದ್ದಿ ದುರುಪಯೋಗ ಮಾಡುವರೆಂಬ ಆಕ್ಷೇಪವನ್ನು ನಾನು ಕೇಳಿದ್ದೇನೆ. ತಿದ್ದುವವರು ಕಾಗದವನ್ನೂ ತಿದ್ದಿದ್ದಾರೆ. ಅಂಕೀಯ ಸಹಿಯುಳ್ಳ ಕಡತದಲ್ಲಾದರೋ ಒಂದು ಅಂಕಿಯನ್ನು ಬದಲಿಸಿದರೂ ಆ ಸಹಿಯು ಅಸಿಂಧುವಾಗುತ್ತದೆ, ಮೂಲವು ಸರ್ಕಾರದಲ್ಲಿಯೇ ಭದ್ರವಾಗಿರುತ್ತದೆ. ಮುಚ್ಚಿಡುವುದರಿಂದ ರಕ್ಷಣೆ ದೊರೆಯುವುದು ಅಳತೆಗಲ್ಲ, ಅಳತೆಯಲ್ಲಿ ಅಡಗಿರುವ ದೋಷಕ್ಕೆ.

ಆದುದರಿಂದ ಸರ್ವೆ ಮತ್ತು ಭೂದಾಖಲೆಗಳ ಇಲಾಖೆಯು ಎಫ್‌ಎಂಬಿ ನಕ್ಷೆಯೊಡನೆ ಅದರ ಅಳತೆಗಳ ಕಡತವನ್ನೂ, ಆ ಕಡತದ ಮಾನ ಯಾವುದು, ವಲಯ ಯಾವುದು, ಉತ್ತರ ಪೂರ್ವಗಳ ಕ್ರಮ ಯಾವುದು ಎಂಬುದನ್ನು ತಿಳಿಸುವ ಒಂದು ಪುಟವನ್ನೂ ಪ್ರತಿಯೊಬ್ಬ ಪಟ್ಟಾದಾರನಿಗೆ ಕೊಡತಕ್ಕದ್ದು. ಆ ಪುಟವು ತಮಿಳಿನಲ್ಲಿರುವಂತೆಯೇ ನಮ್ಮ ಗಡಿ ಗ್ರಾಮಗಳ ಮಟ್ಟಿಗೆ ಕನ್ನಡ ತೆಲುಗುಗಳಲ್ಲಿಯೂ ಇರುವುದು ಉಚಿತ. ಉಪವಿಭಾಗದ ಯಾವ ನಕ್ಷೆಯನ್ನೂ ಬರಿಯ ವಿಸ್ತೀರ್ಣವನ್ನು ನೋಡಿ ಅಂಗೀಕರಿಸದೆ, ನೆಲದ ಮೇಲೆ ಉಳಿದಿರುವ ಕನಿಷ್ಠ ಎರಡು ಹಳೆಯ ಕಲ್ಲುಗಳಿಗೆ ತಾಳೆ ನೋಡಿದ ವಿವರವನ್ನು ನಕ್ಷೆಯಲ್ಲೇ ಬರೆದು ಸಹಿ ಮಾಡಬೇಕು. ಬೇರಿಕೆ ಬಾಗಲೂರುಗಳ ನಡುವೆ ಸ್ವಾಧೀನದ ಅಳತೆ ನಡೆಯುವ ಪಕ್ಷದಲ್ಲಿ, ಪ್ರತಿಯೊಂದು ಕಲ್ಲಿನ ನಿರ್ದೇಶಾಂಕಗಳನ್ನು ಪರಿಹಾರ ನಿಗದಿಯಾಗುವುದಕ್ಕೆ ಮೊದಲೇ ಗ್ರಾಮಾಡಳಿತಾಧಿಕಾರಿಯ ಕಚೇರಿಯಲ್ಲಿ ಬಹಿರಂಗವಾಗಿ ಅಂಟಿಸಿ, ಅವನ್ನು ತಮ್ಮ ಸರ್ವೇಯರರಿಂದ ಪರೀಕ್ಷಿಸಿಕೊಳ್ಳಲು ರೈತರಿಗೆ ಕಾಲಾವಕಾಶವನ್ನು ಕೊಡಬೇಕೆಂದು ಕೃಷ್ಣಗಿರಿ ಜಿಲ್ಲಾಧಿಕಾರಿಗಳನ್ನು ಈ ಮೂಲಕ ಪ್ರಾರ್ಥಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಓರ್ವ ವಾಚಕ
ಬೇರಿಕೆ, ಕೃಷ್ಣಗಿರಿ ಜಿಲ್ಲೆ