‘ಇಲ್ಲೇ ಮೈಸೂರು ತಾನೆ’ ಅನ್ನಬೇಡಿ!

ತಿರುಪತಿಗೋ ಗೋವಾಕ್ಕೋ ಕಾರಿನಲ್ಲಿ ಹೋಗುವುದೆಂದರೆ ವಾರದ ಮುಂಚೆಯೇ ಮನೆಯಲ್ಲಿ ತಯಾರಿ ಶುರು. ಗಾಡಿ ಸರ್ವಿಸ್‌ಗೆ ಹೋಗಿ ಬರುತ್ತದೆ, ಚಕ್ಕುಲಿ-ಕೋಡುಬಳೆ ಡಬ್ಬಿ ಸೇರುತ್ತವೆ, ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ‘ಸ್ವಲ್ಪ ನೋಡ್ಕೊಳ್ರೀ’ ಅಂತ ಹೇಳಿಯೂ ಆಗಿರುತ್ತದೆ. ಅದೇ ಬೆಂಗಳೂರಿನಿಂದ ಮೈಸೂರಿಗೆ ಅಂದ್ರೆ? ‘ಇಲ್ಲೇ ಮೈಸೂರು ತಾನೆ, ಎದ್ದು ಹೊರಟರಾಯ್ತು’!

ಈ ‘ಇಲ್ಲೇ ತಾನೆ’ ಅನ್ನುವ ಮಾತೇ ಅಪಾಯದ್ದು. ದೂರದ ಪ್ರಯಾಣಕ್ಕೆ ಭಯ ಇರುತ್ತದೆ, ಭಯ ಇದ್ದಲ್ಲಿ ಎಚ್ಚರ ಇರುತ್ತದೆ. ಹತ್ತಿರದ ಊರಿಗೆ ಎರಡೂ ಇರೋದಿಲ್ಲ. ರಾತ್ರಿ ಹನ್ನೆರಡಕ್ಕೆ ಮಲಗಿ ಬೆಳಗಿನ ಜಾವ ನಾಲ್ಕಕ್ಕೆ ಹೊರಡುತ್ತೇವೆ. ಟೈರಿನ ಗಾಳಿ ನೋಡೋದಿಲ್ಲ. ಹಿಂದಿನ ಸೀಟಿನಲ್ಲಿ ಮೂರು ಜನರ ಜಾಗದಲ್ಲಿ ಐವರು ಕೂರುತ್ತೇವೆ. ‘ಅಯ್ಯೋ, ಒಂದೂವರೆ ಗಂಟೆ, ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುವುದು ಬಹುಪಾಲು ನಾವು ಹೆಂಗಸರೇ!

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಸುಮಾರು 118 ಕಿಲೋಮೀಟರ್ ಉದ್ದವಿದೆ. ನಡುವೆ ಆರು ಪಥ, ಎರಡೂ ಬದಿ ಎರಡೆರಡು ಪಥದ ಸರ್ವಿಸ್ ರಸ್ತೆ. ಹಿಂದೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಅಂತ ಊರೂರಿನ ಒಳಗೆ ತೆವಳಿಕೊಂಡು ಹೋಗುವಾಗ ಮೂರು ಗಂಟೆ ಹಿಡಿಯುತ್ತಿತ್ತು. ಆಗ ಊರುಗಳೇ ನಮ್ಮ ವೇಗಕ್ಕೆ ಕಡಿವಾಣ ಹಾಕುತ್ತಿದ್ದವು. ಈಗ ಊರುಗಳೆಲ್ಲ ಪಕ್ಕಕ್ಕೆ ಸರಿದಿವೆ, ಕಡಿವಾಣವನ್ನು ನಾವೇ ಹಾಕಿಕೊಳ್ಳಬೇಕು. ರಸ್ತೆ ತೆರೆದ ಮೊದಲ ತಿಂಗಳುಗಳಲ್ಲೇ ಸಾಲುಸಾಲು ಅಪಘಾತಗಳಾಗಿ ಎಷ್ಟೋ ಮನೆಗಳ ದೀಪ ಆರಿದ್ದನ್ನು ನಾವೆಲ್ಲ ಓದಿದ್ದೇವೆ. ಆಮೇಲೆ 2023ರ ಆಗಸ್ಟ್ 1ರಿಂದ ಬೈಕ್, ಸ್ಕೂಟರ್, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶ ನಿಷೇಧವಾಯಿತು. ಕ್ಯಾಮೆರಾಗಳೂ ಬಂದವು. ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. 130 ದಾಟಿದರೆ ಬರೀ ದಂಡವಲ್ಲ, ಎಫ್‌ಐಆರ್ ದಾಖಲಿಸುವುದಾಗಿ ಪೊಲೀಸರು 2024ರಲ್ಲೇ ಹೇಳಿದ್ದಾರೆ.

ಆದರೆ ಕ್ಯಾಮೆರಾ ನಮ್ಮ ಕಾರಿನ ಒಳಗೆ ಕೂತಿರೋದಿಲ್ಲ. ಒಳಗೆ ಕೂತಿರುವುದು ನೀವು.

‘ರೀ, ನಿಧಾನ...’

ಮುಳ್ಳು 120ರ ಹತ್ತಿರ ಹೋದಾಗ ಪಕ್ಕದ ಸೀಟಿನಿಂದ ಒಂದು ದನಿ ಬರುತ್ತದೆ: ‘ರೀ, ಸ್ವಲ್ಪ ನಿಧಾನ...’ ಉತ್ತರವೂ ಸಿದ್ಧವಾಗಿರುತ್ತದೆ. ‘ನಿಂಗೆ ಗೊತ್ತಾಗಲ್ಲ, ಸುಮ್ನೆ ಕೂತ್ಕೋ.’ ಹಿಂದೆ ಕೂತ ಅತ್ತೆ ದೇವರ ಹೆಸರು ಹೇಳಿಕೊಳ್ಳುತ್ತಾರೆ, ಮಗ ಮಾತ್ರ ‘ಅಪ್ಪಾ, ಇನ್ನೂ ಫಾಸ್ಟ್’ ಅನ್ನುತ್ತಾನೆ. ಅಲ್ಲಿಗೆ ನಿಮ್ಮ ಮಾತು ಮುಗಿಯಿತು.

ಓಡುತ್ತಿರುವ ಗಾಡಿಯಲ್ಲಿ ಹೇಳಿದ ಬುದ್ಧಿಮಾತು ಕಿವಿಗೆ ಹೋಗೋದಿಲ್ಲ. ಹೋದರೂ ಜಗಳವಾಗುತ್ತದೆ, ಜಗಳವಾಡುತ್ತಾ ಓಡಿಸುವುದು ಇನ್ನೂ ಕೆಟ್ಟದ್ದು. ಆ ಮಾತು ಆಗಬೇಕಾದ್ದು ಮನೆಯಲ್ಲಿ, ಹಿಂದಿನ ಸಂಜೆ, ಕಾಫಿ ಲೋಟ ಕೈಯಲ್ಲಿರುವಾಗ. ಯಾರು ಓಡಿಸುತ್ತಾರೆ, ಎಷ್ಟು ವೇಗ, ಎಷ್ಟು ಹೊತ್ತಿಗೆ ಹೊರಡುವುದು, ಎಲ್ಲಿ ನಿಲ್ಲಿಸುವುದು, ಯಾರು ಎಲ್ಲಿ ಕೂರುವುದು, ಈ ಐದನ್ನೂ ಅಲ್ಲೇ ಇತ್ಯರ್ಥ ಮಾಡಿಬಿಡಿ.

ವೇಗದ ವಿಷಯಕ್ಕೆ ಕಣ್ಣೀರು, ಆಣೆ-ಪ್ರಮಾಣ ಬೇಡ, ಲೆಕ್ಕ ಸಾಕು. 118 ಕಿ.ಮೀ. ದೂರವನ್ನು ನೂರರ ವೇಗದಲ್ಲಿ ಹೋದರೆ ಸುಮಾರು 71 ನಿಮಿಷ. ನೂರಿಪ್ಪತ್ತರಲ್ಲಿ 59 ನಿಮಿಷ. ಉಳಿಯುವುದು ಬರೀ 12 ನಿಮಿಷ! ಅದೂ ಉದ್ದಕ್ಕೂ ಒಂದೇ ವೇಗದಲ್ಲಿ ಹೋದರೆ. ಆ ಹನ್ನೆರಡು ನಿಮಿಷವನ್ನು ಕೆಂಗೇರಿಯ ಟ್ರಾಫಿಕ್ ಒಂದೇ ಗುಕ್ಕಿಗೆ ನುಂಗಿಹಾಕುತ್ತದೆ. ನೂರರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗಿರುತ್ತದೆ. ಫೋನಿನ ಕಡೆ ಎರಡು ಸೆಕೆಂಡ್ ಕಣ್ಣು ಹಾಯಿಸಿದರೆ ಐವತ್ತು ಮೀಟರಿಗೂ ಹೆಚ್ಚು ದೂರ ಕಣ್ಣು ಮುಚ್ಚಿಕೊಂಡು ಹೋದ ಹಾಗೆ. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ‘ಇನ್ನೂ ಫಾಸ್ಟ್’ ಅನ್ನುವ ಮಗನೇ ನಾಳೆ ‘ಅಪ್ಪಾ, ನೂರಾಯ್ತು’ ಅಂತಾನೆ.

ಹೊರಡುವ ಹೊತ್ತು, ಮರಳುವ ಹೊತ್ತು

‘ಟ್ರಾಫಿಕ್ ಇರೋದಿಲ್ಲ’ ಅಂತ ಬೆಳಗಿನ ಜಾವ ಮೂರು-ನಾಲ್ಕಕ್ಕೆ ಹೊರಡುವ ಅಭ್ಯಾಸ ಕೆಲವರಿಗೆ. ಮೈಗೆ ನಿದ್ದೆ ಅತಿ ಹೆಚ್ಚು ಒತ್ತಿಕೊಂಡು ಬರುವ ಹೊತ್ತೇ ಅದು. ನೇರ, ನುಣುಪಾದ ರಸ್ತೆಯಲ್ಲಿ ಕಣ್ಣು ಎಳೆಯುವುದೂ ಬೇಗ. ಬೆಳಕು ಹರಿದ ಮೇಲೆ ಆರು-ಆರೂವರೆಗೆ ಹೊರಟರೂ ತಿಂಡಿ ಮುಗಿಸಿಕೊಂಡು ಹತ್ತಕ್ಕೆ ಮೊದಲೇ ಮೈಸೂರು ಸೇರಬಹುದು. ಹಾಗೆಯೇ, ಹಿಂದಿನ ರಾತ್ರಿ ಯಾರು ಚೆನ್ನಾಗಿ ನಿದ್ದೆ ಮಾಡಿದ್ದಾರೋ ಅವರೇ ಸ್ಟೀರಿಂಗ್ ಹಿಡಿಯಲಿ. ಬಾಡಿಗೆ ಗಾಡಿಯಾದರೆ ‘ರಾತ್ರಿ ನಿದ್ದೆ ಆಯ್ತಾಪ್ಪಾ, ತಿಂಡಿ ಆಯ್ತಾ?’ ಅಂತ ಡ್ರೈವರನ್ನು ಕೇಳಿ. ಅದು ಉಪಚಾರದ ಮಾತಷ್ಟೇ ಅಲ್ಲ, ನಿಮ್ಮ ಜೀವದ ಪ್ರಶ್ನೆ.

ಹೋಗುವುದಕ್ಕಿಂತ ಮರಳುವುದೇ ಕಷ್ಟ. ದಿನವಿಡೀ ಮೃಗಾಲಯ, ಚಾಮುಂಡಿ ಬೆಟ್ಟ ಸುತ್ತಿ, ಭಾನುವಾರ ಸಂಜೆ ಅರಮನೆಯ ದೀಪಾಲಂಕಾರ ನೋಡಿ, ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಹೊರಟರೆ ಡ್ರೈವರಿಗೆ ದಣಿವು, ಹೊಟ್ಟೆ ಭಾರ, ಎದುರಿಗೆ ವಾರಾಂತ್ಯ ಮುಗಿಸಿ ಬೆಂಗಳೂರಿಗೆ ಹೊರಟವರ ದಂಡು. ದೀಪ ನೋಡಲೇಬೇಕೆಂದಿದ್ದರೆ ರಾತ್ರಿ ಅಲ್ಲೇ ಉಳಿಯುವ ಏರ್ಪಾಡು ಮಾಡಿಕೊಳ್ಳಿ. ಇಲ್ಲದಿದ್ದರೆ ಮಧ್ಯಾಹ್ನ ಒಂದು ಗಳಿಗೆ ಮಲಗಿದವರು ಓಡಿಸಲಿ. ದಸರಾ ದಿನಗಳಲ್ಲಿ, ಉದ್ದನೆಯ ರಜೆಗಳಲ್ಲಿ ಈ ಮಾತು ಇನ್ನೂ ಮುಖ್ಯ. ಅಂದಹಾಗೆ, ಮೃಗಾಲಯಕ್ಕೆ ಮಂಗಳವಾರ ರಜೆ, ಮಕ್ಕಳಿಗೆ ಮಾತು ಕೊಡುವ ಮೊದಲು ಕ್ಯಾಲೆಂಡರ್ ನೋಡಿ!

ವಡೆಗೂ ಯೋಜನೆ ಬೇಕು!

ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ, ಚನ್ನಪಟ್ಟಣದ ಬೊಂಬೆ ಇಲ್ಲದೆ ಮೈಸೂರು ದಾರಿ ಪೂರ್ತಿಯಾಗುವುದುಂಟೇ? ಹಿಂದೆ ಅವೆಲ್ಲ ತಾವಾಗಿಯೇ ಕಿಟಕಿಗೆ ಬರುತ್ತಿದ್ದವು. ಈಗ ಮುಖ್ಯ ರಸ್ತೆಗೆ ಏರಿದಿರೋ, ಬೋರ್ಡು ನೋಡಿ ಇಳಿಯದಿದ್ದರೆ ಆ ಊರು ಹಿಂದೆ ಸರಿದಾಗಿರುತ್ತದೆ. ಆಗ ‘ಅಯ್ಯೋ, ಮದ್ದೂರು ದಾಟೋಯ್ತು’ ಅಂತ ಗಕ್ಕನೆ ಬ್ರೇಕ್ ಹಾಕುವುದು, ರಿವರ್ಸ್ ತೆಗೆದುಕೊಳ್ಳುವುದು... ದಯವಿಟ್ಟು ಬೇಡ. ಹಿಂದಿನಿಂದ ಬರುವವನಿಗೆ ನಿಮ್ಮ ವಡೆಯ ಆಸೆ ಗೊತ್ತಿರೋದಿಲ್ಲ. ದಾರಿ ತಪ್ಪಿದರೆ ಮುಂದಿನ ಇಳಿತದವರೆಗೆ ಹೋಗಿ, ಹತ್ತು ನಿಮಿಷ ತಡವಾದರೆ ಆಗಲಿ.

ಎಲ್ಲಿ ತಿಂಡಿ ಅಂತ ಮನೆಯಲ್ಲೇ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ದಾರಿ ನೋಡುವ ಕೆಲಸ ಪಕ್ಕದ ಸೀಟಿನವರದು, ಫೋನ್ ಅವರ ಕೈಯಲ್ಲೇ ಇರಲಿ. ಸಮಯವಿದ್ದರೆ ಒಂದು ಕಡೆಯ ಪ್ರಯಾಣವನ್ನು ಹಳೆಯ ದಾರಿಯಲ್ಲೇ ಮಾಡಬಹುದು. ‘ಶೋಲೆ’ ಚಿತ್ರೀಕರಣವಾದ ರಾಮನಗರದ ಬೆಟ್ಟಗಳು, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಶ್ರೀರಂಗಪಟ್ಟಣದ ಕಾವೇರಿ ಎಲ್ಲ ನೋಡಿಕೊಂಡು ಹೋಗಬಹುದು. ಸ್ಕೂಟರಿನಲ್ಲಿ ಹೊರಟವರಿಗೂ ಸರ್ವಿಸ್ ರಸ್ತೆಯೇ ದಾರಿ.

ಇನ್ನೊಂದು ವಿಷಯ, ಹೆಂಗಸರು ಬಾಯಿ ಬಿಟ್ಟು ಹೇಳದ್ದು. ಶೌಚಾಲಯ ಸಿಗುತ್ತದೋ ಇಲ್ಲವೋ ಅಂತ ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿಯದೆ ಗಾಡಿ ಹತ್ತುವವರು ನಮ್ಮಲ್ಲಿ ಎಷ್ಟು ಜನ! ಸಾವಿರಾರು ಕೋಟಿ ಸುರಿದು ಕಟ್ಟಿದ ರಸ್ತೆಯಲ್ಲಿ, ಸುಂಕ ಕಟ್ಟಿ ಹೋಗುವ ಹೆಣ್ಣುಮಕ್ಕಳಿಗೆ ನಿಗದಿತ ದೂರಕ್ಕೊಂದು ಶುಚಿಯಾದ, ದೀಪವಿರುವ, ಚಿಲಕ ಭದ್ರವಿರುವ ಶೌಚಾಲಯ ಕೊಡುವುದು ಉಪಕಾರವಲ್ಲ, ಕರ್ತವ್ಯ. ಅದನ್ನು ಸಂಕೋಚವಿಲ್ಲದೆ ಕೇಳೋಣ. ಅಲ್ಲಿಯವರೆಗೆ, ಮನೆಯಿಂದ ಹೊರಟ ಒಂದು-ಒಂದೂವರೆ ಗಂಟೆಯೊಳಗೆ ಒಳ್ಳೆಯ ಹೋಟೆಲೊಂದರಲ್ಲಿ ನಿಲ್ಲಿಸುವುದು ಯೋಜನೆಯಲ್ಲೇ ಇರಲಿ. ನೀರು ಕುಡಿಯಿರಿ, ಹೊಟ್ಟೆಗೆ ಸ್ವಲ್ಪ ತಿನ್ನಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಅವರ ಮಾತ್ರೆ, ಬಿಸ್ಕತ್ತು ಡಿಕ್ಕಿಯಲ್ಲಿ ಬೇಡ, ಕೈಚೀಲದಲ್ಲೇ ಇರಲಿ.

ಯಾರು, ಎಲ್ಲಿ, ಹೇಗೆ ಕೂರಬೇಕು?

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರುವುದು ನಮಗೆಲ್ಲ ರೂಢಿ. ತಾಯಿಯ ಮಡಿಲಿಗಿಂತ ಸುರಕ್ಷಿತ ಜಾಗ ಯಾವುದಿದೆ ಅಂತ ಅನಿಸುತ್ತದೆ, ನಿಜ. ಆದರೆ ಆ ವೇಗದಲ್ಲಿ ಗಾಡಿ ಎಲ್ಲಾದರೂ ಬಡಿದರೆ ಯಾವ ತಾಯಿಯ ಕೈಯೂ ಮಗುವನ್ನು ಹಿಡಿದಿಡಲಾರದು. ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಕೂಡ ಎಳೆ ಮಗುವಿಗೆ ಪೆಟ್ಟು ಕೊಡುತ್ತದೆ. ಮಕ್ಕಳು ಹಿಂದಿನ ಸೀಟಿನಲ್ಲೇ ಇರಲಿ, ಚಿಕ್ಕವರಿಗೆ ಅವರದೇ ಆಸನ ಕೊಳ್ಳಿ. ಹದಿನಾಲ್ಕು ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಇರಲೇಬೇಕೆಂದು ಕಾನೂನೂ ಹೇಳುತ್ತದೆ, ತಪ್ಪಿದರೆ ಸಾವಿರ ರೂಪಾಯಿ ದಂಡ.

ಹಿಂದೆ ಕೂತ ದೊಡ್ಡವರಿಗೂ ಬೆಲ್ಟ್ ಕಡ್ಡಾಯ. 2022ರ ಸೆಪ್ಟೆಂಬರಿನಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಅಹಮದಾಬಾದ್-ಮುಂಬೈ ಹೆದ್ದಾರಿಯಲ್ಲಿ ತೀರಿಕೊಂಡಾಗ ಕೂತಿದ್ದದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ. ಸೀರೆ ಸುಕ್ಕಾಗುತ್ತದೆ ಅನ್ನುವ ನೆಪ ಬಿಡಿ. ಗರ್ಭಿಣಿಯರೂ ಬೆಲ್ಟ್ ಹಾಕಬೇಕು. ಅಡ್ಡಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗೆ ತಾಗಿರಲಿ, ಓರೆಪಟ್ಟಿ ಎದೆಯ ನಡುವೆ ಹಾದುಹೋಗಲಿ.

ಬೀರುವಿನಲ್ಲಿರುವ ಲೈಸೆನ್ಸ್

ಡ್ರೈವಿಂಗ್ ಸ್ಕೂಲಿಗೆ ಹೋಗಿ, ಲೈಸೆನ್ಸ್ ಪಡೆದು, ಅದನ್ನು ಒಡವೆಯ ಜೊತೆ ಬೀರುವಿನಲ್ಲಿ ಇಟ್ಟವರು ನಿಮ್ಮಲ್ಲಿ ಎಷ್ಟು ಮಂದಿ? ಮಕ್ಕಳ ಶಾಲೆ, ತರಕಾರಿ ಮಾರ್ಕೆಟ್ಟಿನವರೆಗೆ ನೀವು ಓಡಿಸಬಹುದು, ಹೆದ್ದಾರಿ ಮಾತ್ರ ‘ಅವರದು’! ಮರಳುವಾಗ ಅವರಿಗೆ ತಲೆನೋವು ಬಂದರೆ? ಕಣ್ಣು ಎಳೆದರೆ? ಮನೆಯಲ್ಲಿ ಇಬ್ಬರಿಗೆ ಓಡಿಸಲು ಬಂದರೆ ಇಬ್ಬರಿಗೂ ವಿಶ್ರಾಂತಿ ಸಿಗುತ್ತದೆ, ಮನೆಯವರಿಗೆಲ್ಲ ಅದು ವಿಮೆ ಇದ್ದಂತೆ.

ಒಂದೇ ಸಲಕ್ಕೆ ಮೈಸೂರು ಬೇಡ. ಮೊದಲ ಭಾನುವಾರ ಬೆಳಿಗ್ಗೆ ಬಿಡದಿಗೆ ಹೋಗಿ ಇಡ್ಲಿ ತಿಂದು ಬನ್ನಿ. ಮುಂದಿನ ಸಲ ಚನ್ನಪಟ್ಟಣ. ಎಡ ಅಥವಾ ನಡುವಿನ ಪಥದಲ್ಲಿ ಎಂಬತ್ತರ ವೇಗದಲ್ಲಿ ಹೋಗಿ, ಬಲ ಪಥ ಹಿಂದಿಕ್ಕುವುದಕ್ಕೆ ಮಾತ್ರ. ಪಕ್ಕದಲ್ಲಿ ಕೂತವರು ‘ಕ್ಲಚ್, ಬ್ರೇಕ್, ಹಾರ್ನ್’ ಅಂತ ಕಾಮೆಂಟರಿ ಕೊಡುವವರಾದರೆ ಅವರನ್ನು ಹಿಂದಿನ ಸೀಟಿಗೆ ಕಳಿಸಿ, ಧೈರ್ಯ ಹೇಳುವ ಗೆಳತಿಯನ್ನೋ ನಾದಿನಿಯನ್ನೋ ಪಕ್ಕಕ್ಕೆ ಕರೆಯಿರಿ!

ಹಿಂದಿನ ಸಂಜೆ ಇಷ್ಟು ನೋಡಿ

* ಸ್ಟೆಪ್ನಿಯೂ ಸೇರಿ ಐದೂ ಟೈರಿನ ಗಾಳಿ ಪರೀಕ್ಷಿಸಿ. ಗಾಳಿ ಕಡಿಮೆಯಿದ್ದರೆ ವೇಗಕ್ಕೆ ಬಿಸಿಯಾಗಿ ಟೈರ್ ಸಿಡಿಯಬಹುದು.

* ಫಾಸ್ಟ್ಯಾಗ್‌ನಲ್ಲಿ ಹಣವಿದೆಯೇ? ಬೆಂಗಳೂರಿನ ಕಡೆ ಕಣಿಮಿಣಿಕೆ-ಶೇಷಗಿರಿಹಳ್ಳಿ, ಮೈಸೂರಿನ ಕಡೆ ಗಣಂಗೂರು, ಎರಡು ಕಡೆ ಸುಂಕ. ಟ್ಯಾಗ್ ಇಲ್ಲದಿದ್ದರೆ ಹೆಚ್ಚು ಸುಂಕ. ತಿಂಗಳಿಗೆ ಮೂರು ಸಲ ಓಡಾಡುವವರು 2025ರ ಆಗಸ್ಟಿನಲ್ಲಿ ಬಂದ ವಾರ್ಷಿಕ ಪಾಸ್ ಬಗ್ಗೆ ವಿಚಾರಿಸಿ.

* ವೈಪರ್, ಹೆಡ್‌ಲೈಟ್ ನೋಡಿ. 2022ರ ಮಳೆಯಲ್ಲಿ ರಾಮನಗರದ ಬಳಿ ಇದೇ ರಸ್ತೆ ಕೆರೆಯಾಗಿತ್ತು. ಜೋರು ಮಳೆ ಬಂದರೆ ವೇಗ ಇಳಿಸಿ, ನೀರು ನಿಂತಲ್ಲಿ ಗಾಡಿ ನುಗ್ಗಿಸಬೇಡಿ.

* ಡ್ರೈವರ್ ಕಾಲಬಳಿ ನೀರಿನ ಬಾಟಲಿ, ಚೀಲ ಇಡಬೇಡಿ, ಉರುಳಿ ಬ್ರೇಕಿನ ಕೆಳಗೆ ಸೇರುತ್ತವೆ. ನೀವು ಓಡಿಸುವುದಾದರೆ ಎತ್ತರದ ಹಿಮ್ಮಡಿಯ ಚಪ್ಪಲಿಯೂ ಬೇಡ.

* ಗಾಡಿ ಕೆಟ್ಟರೆ ಎಡ ಅಂಚಿಗೆ ತನ್ನಿ, ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರೂ ಎಡಗಡೆಯಿಂದ ಇಳಿದು ತಡೆಬೇಲಿಯ ಆಚೆ ನಿಲ್ಲಿ. ಹೆದ್ದಾರಿ ಸಹಾಯವಾಣಿ 1033, ತುರ್ತಿಗೆ 112. ಎರಡನ್ನೂ ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಇಷ್ಟೆಲ್ಲಕ್ಕೂ ಬೇಕಾಗುವುದು ಹೆಚ್ಚೆಂದರೆ ಅರ್ಧ ಗಂಟೆ. ಮನೆಯಲ್ಲಿ ಮದುವೆಗೆ ಎಷ್ಟು ಸೇರು ಅಕ್ಕಿ, ಪ್ರವಾಸಕ್ಕೆ ಎಷ್ಟು ಜೊತೆ ಬಟ್ಟೆ ಅಂತ ಲೆಕ್ಕ ಹಾಕುವವರು ನೀವೇ ತಾನೆ? ಗಾಡಿಯ ವೇಗ, ಹೊರಡುವ ಹೊತ್ತುಗಳನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಿ. ‘ಅದು ಗಂಡಸರ ವಿಷಯ’ ಅಂತ ಬಿಟ್ಟುಕೊಡಬೇಡಿ. ಈ ಶನಿವಾರ ಸಂಜೆ ಕಾಫಿಗೆ ಎಲ್ಲರನ್ನೂ ಕೂರಿಸಿ, ಐದೂ ಮಾತು ಮುಗಿಸಿ. ಭಾನುವಾರ ಹನ್ನೆರಡು ನಿಮಿಷ ತಡವಾಗಿ, ನಗುನಗುತ್ತಾ ಮೈಸೂರು ಸೇರಿ.